ಗುಜರಿ ಪಿಸ್ಟನ್ ಕರಗಿಸಿ ಬಂಗುಡೆ ಎರೆದದ್ದು

ನಮ್ಮ ಮನೆಯ ಹಿಂಬಾಗಿಲಿಗೆ ಈಗ ಅಲ್ಯೂಮಿನಿಯಂನ ಬಂಗುಡೆ ಮೀನೇ ಹಿಡಿಕೆ. ಸ್ಕೂಟರುಗಳ ಹಳೆ ಪಿಸ್ಟನ್ ಕರಗಿಸಿ, ಮರಳಿನ ಅಚ್ಚಿನಲ್ಲಿ ನಾನೇ ಎರೆದದ್ದು. ನೋಡಿದವರೆಲ್ಲ ಮೊದಲು ಕೇಳುವುದು, ಮನೆಯಲ್ಲಿ ಲೋಹ ಕರಗಿಸಲಿಕ್ಕೆ ಆಗ್ತದಾ ಅಂತ. ಆಗ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೆಂಗಿನ ಗೆರಟೆಯ ಇದ್ದಿಲು, ಒಂದು ಬ್ಲೋವರ್ ಇದ್ದರೆ ಅಷ್ಟು ಬಿಸಿ ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಉಡುಪಿಯ ಈ ಹವೆಯಲ್ಲಿ ಎಲ್ಲವನ್ನೂ ಒಣಗಿಸಿ ಇಟ್ಟುಕೊಳ್ಳಲಿಕ್ಕೆ ಆಗ್ತದಾ? ಈ ಹವ್ಯಾಸದಲ್ಲಿ ನನ್ನ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗಿರುವುದು ಒಣಗಿಸುವುದರಲ್ಲೇ.

ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕರಗಿದ ಲೋಹದ ಅಡಿಯಲ್ಲಿ ನೀರು ಸಿಕ್ಕಿಕೊಂಡರೆ ಅದು ಆ ಕ್ಷಣಕ್ಕೇ ಆವಿಯಾಗುತ್ತದೆ. ಆವಿಯಾದ ನೀರಿಗೆ ಸುಮಾರು 1,600 ಪಟ್ಟು ಜಾಗ ಬೇಕು. ಮೇಲಿರುವ ಲೋಹವನ್ನು ಎತ್ತಿ ಎಸೆದೇ ಅದು ಹೊರಗೆ ಬರುತ್ತದೆ. ಒಂದು ಒದ್ದೆ ಚಮಚ ಸಾಕು. ಸಿಮೆಂಟ್ ನೆಲವೂ ಅಪಾಯವೇ. ಕಾಂಕ್ರೀಟ್ ಒಳಗೆ ಯಾವಾಗಲೂ ಸ್ವಲ್ಪ ನೀರು ಇರುತ್ತದೆ, ಅದರ ಮೇಲೆ ಲೋಹ ಚೆಲ್ಲಿದರೆ ನೆಲ ಚಟಪಟ ಸಿಡಿಯುತ್ತದೆ. ಹಾಗಾಗಿ ನಾನು ಎರಕಕ್ಕೆ ಆರಿಸಿಕೊಂಡ ಜಾಗ ನಮ್ಮ ಹಳೆ ಹಟ್ಟಿ. ದನ ಇಲ್ಲದೆ ವರ್ಷಗಳಾದವು. ಮಣ್ಣಿನ ನೆಲ, ಮೇಲೆ ಹಂಚು, ಎರಡು ಬದಿ ಪೂರ್ತಿ ತೆರೆದಿದೆ. ಈ ತೆರೆದಿರುವುದು ಮುಖ್ಯ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ. ನೆಲದ ಮೇಲೆ ಒಂದು ಗೇಣು ಒಣ ಮರಳು ಹರಡಿ, ಅದರ ಮೇಲೆಯೇ ಎಲ್ಲ ಕೆಲಸ.

ಒಲೆ ಮಾಡಿದ್ದು 20 ಲೀಟರಿನ ತಗಡಿನ ಡಬ್ಬದಲ್ಲಿ. ಒಳಗಿನ ಗೋಡೆಗೆ ಬೆಂಕಿ ತಡೆಯುವ ಜೇಡಿ, ಅಂದರೆ ಫೈರ್ ಕ್ಲೇ, ಅದಕ್ಕೆ ಒಡೆದ ಹಂಚಿನ ಪುಡಿ ಮತ್ತು ಭತ್ತದ ಉಮಿ ಕಲಸಿದೆ. ಹಂಚಿನ ಪುಡಿ ಒಮ್ಮೆ ಸುಟ್ಟ ಮಣ್ಣು, ಮತ್ತೆ ಕುಗ್ಗುವುದಿಲ್ಲ. ಹಾಗಾಗಿ ಗೋಡೆ ಬಿರುಕು ಬಿಡುವುದು ಕಡಿಮೆ. ಉಮಿ ಸುಟ್ಟು ಹೋದ ಜಾಗದಲ್ಲಿ ಸಣ್ಣ ಸಣ್ಣ ಗಾಳಿಗೂಡು ಉಳಿಯುತ್ತದೆ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ನಮ್ಮಲ್ಲಿ ಹಂಚಿಗೇನೂ ಬರ ಇಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಇಡೀ ಕರಾವಳಿಯೇ ಹಂಚಿನ ಕೆಳಗೆ ಬದುಕಿದೆ. ಈಗ ಹಳೆ ಮನೆ ಕೆಡವಿದ ಕಡೆ ರಾಶಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಆದರೆ ಇದು ಅಲ್ಯೂಮಿನಿಯಂ ಕರಗಿಸುವಷ್ಟು ಬಿಸಿಗೆ ಸಾಕು, ಹಿತ್ತಾಳೆ ಕರಗಿಸುವುದಾದರೆ ಫೈರ್ ಬ್ರಿಕ್ಕೇ ಬೇಕು.

ಗೋಡೆ ಕಟ್ಟಿದ್ದು ಒಂದು ಮಧ್ಯಾಹ್ನದ ಕೆಲಸ. ಒಣಗಿಸಿದ್ದು ವಾರಗಟ್ಟಲೆ. ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ, ಆಮೇಲೆ ಒಳಗೆ ಒಂದು ಬಲ್ಬು ಉರಿಸಿಟ್ಟು, ಕೊನೆಗೆ ನಾಲ್ಕೇ ತುಂಡು ಇದ್ದಿಲಿನ ಸಣ್ಣ ಬೆಂಕಿ. ಪ್ರತಿ ಸಲ ಡಬ್ಬದ ಬಾಯಿಗೆ ಒಂದು ಗಾಜಿನ ತುಂಡು ಹಿಡಿದು ನೋಡುತ್ತಿದ್ದೆ. ಗಾಜು ಮಬ್ಬಾದರೆ ಇನ್ನೂ ನೀರು ಇದೆ ಅಂತ ಅರ್ಥ. ಈ ಉಪಾಯ ಹೇಳಿಕೊಟ್ಟದ್ದು ನಮ್ಮ ಹತ್ತಿರದ ಮನೆಯ ಹಿರಿಯರು. ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡಿ ನಿವೃತ್ತರಾದವರು, ನಾನು ಅಣ್ಣ ಅಂತ ಕರೆಯುವುದು. ಒಲೆ ನೋಡಲಿಕ್ಕೆ ಬಂದವರು ಡಬ್ಬಕ್ಕೆ ಕೈ ಹಚ್ಚಿ ಹೇಳಿದ್ದು ಇಷ್ಟೇ: "ಅವಸರ ಮಾಡ್ಬೇಡ ಮಾರಾಯ್ತಿ. ಇದು ಒಣಗಿದ ಮೇಲೆಯೂ ಎರಡು ದಿನ ಬಿಡು."

ಲೋಹ ಕರಗಿಸುವ ಪಾತ್ರೆ, ಅಂದರೆ ಮೂಸೆಯನ್ನು, ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ತಂದೆ. ಗ್ರಾಫೈಟ್ ಮತ್ತು ಜೇಡಿ ಸೇರಿಸಿ ಮಾಡಿದ್ದು. 4 ಕಿಲೋ ಹಿತ್ತಾಳೆ ಹಿಡಿಯುವ ಅಳತೆ, ಅಲ್ಯೂಮಿನಿಯಂ ಹಗುರ ಆದ್ದರಿಂದ ಅದರಲ್ಲಿ ಒಂದೂಕಾಲು ಕಿಲೋ ಹಿಡಿಯುತ್ತದೆ. ಕೆಲವರು ಉಕ್ಕಿನ ಡಬ್ಬದಲ್ಲೇ ಕರಗಿಸುತ್ತಾರೆ. ನನಗೆ ಅದು ಬೇಡ ಅನಿಸಿತು. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ನಿಧಾನಕ್ಕೆ ತಿನ್ನುತ್ತದೆ, ಯಾವತ್ತೋ ಒಂದು ದಿನ ತಳ ತೂತಾಗಿ ಎಲ್ಲ ಬೆಂಕಿಗೆ ಸುರಿಯುತ್ತದೆ. ಹೊಸ ಮೂಸೆಯೂ ಗಾಳಿಯ ತೇವ ಹೀರಿಕೊಂಡಿರುತ್ತದೆ, ಹಾಗಾಗಿ ಮೊದಲು ಖಾಲಿಯಾಗಿಯೇ ನಿಧಾನ ಕಾಯಿಸಿ ಕೆಂಪಾಗಿಸಬೇಕು. ಅದನ್ನು ಎತ್ತುವ ಇಕ್ಕಳ ಮಾತ್ರ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಮೂಸೆಯ ಅಂಚನ್ನು ಕಚ್ಚುವ ಇಕ್ಕಳ ಆಗುವುದಿಲ್ಲ, ಹೊಟ್ಟೆಯ ಸುತ್ತ ಅಪ್ಪಿ ಹಿಡಿಯಬೇಕು.

ಇನ್ನು ಗುಜರಿ. ನಾನು ಮೊದಲು ಹುಡುಕಿಕೊಂಡು ಹೋದದ್ದು ಹಳೆ ಅಲ್ಯೂಮಿನಿಯಂ ಪಾತ್ರೆ. ಗುಜರಿ ಅಂಗಡಿಯವರು ನಾನು ಮಾಡುವ ಕೆಲಸ ಕೇಳಿ, "ಪಾತ್ರೆ ಬೇಡ ಅಕ್ಕ, ಅದು ಅಚ್ಚಿನೊಳಗೆ ಓಡುವುದಿಲ್ಲ. ಪಿಸ್ಟನ್ ತೆಗೊಳ್ಳಿ" ಅಂದರು. ಎಷ್ಟು ಸರಿಯಾದ ಮಾತು! ಪಾತ್ರೆ ಹೆಚ್ಚುಕಮ್ಮಿ ಶುದ್ಧ ಅಲ್ಯೂಮಿನಿಯಂ, ಎರಕಕ್ಕೆ ಒಗ್ಗುವುದಿಲ್ಲ. ಕಿಟಕಿಯ ಸೆಕ್ಷನ್ ತುಂಡುಗಳೂ ಹಾಗೇ, ತಣಿಯುವಾಗ ಬಿರಿಯುತ್ತವೆ. ಕೂಲ್‌ಡ್ರಿಂಕ್ ಕ್ಯಾನ್ ಎಲ್ಲರಿಗೂ ಮೊದಲು ನೆನಪಾಗುವುದು, ಆದರೆ ಅದು ತೀರಾ ತೆಳು, ಮೇಲೆ ಪೇಂಟ್ ಬೇರೆ. ಕರಗಿಸಿದರೆ ಲೋಹಕ್ಕಿಂತ ಕಿಟ್ಟವೇ ಎದ್ದು ಕಾಣುತ್ತದೆ. ಪಿಸ್ಟನ್, ಸಿಲಿಂಡರ್ ಹೆಡ್, ಅಲಾಯ್ ವೀಲ್ ಇವೆಲ್ಲ ಒಮ್ಮೆ ಎರಕದಲ್ಲೇ ಹುಟ್ಟಿದವು. ಪಿಸ್ಟನ್ ಲೋಹದಲ್ಲಿ ನೂರಕ್ಕೆ ಹನ್ನೆರಡರ ಆಸುಪಾಸು ಸಿಲಿಕಾನ್ ಇರುತ್ತದೆ, ಅದರಿಂದ ಲೋಹ ನೀರಾಗಿ ಹರಿದು ಅಚ್ಚಿನ ಮೂಲೆಮೂಲೆಗೂ ಹೋಗುತ್ತದೆ. ರಿಂಗು, ಪಿನ್ನು ಕಬ್ಬಿಣದವು, ಬಡಿದು ತೆಗೆದುಬಿಡಬೇಕು.

ಒಂದು ಎಚ್ಚರಿಕೆ. ಬೈಕಿನ ಕೆಲವು ಕವರ್‌ಗಳು ನೋಡಲಿಕ್ಕೆ ಅಲ್ಯೂಮಿನಿಯಂ ಹಾಗೇ ಇದ್ದರೂ ಮೆಗ್ನೀಸಿಯಂ ಆಗಿರುತ್ತವೆ. ಅದು ಒಲೆಯಲ್ಲಿ ಹೊತ್ತಿಕೊಂಡರೆ ನೀರು ಹಾಕಿದಷ್ಟೂ ಉರಿ ಜಾಸ್ತಿ. ಕೈಯಲ್ಲಿ ಹಿಡಿದಾಗ ತೀರಾ ಹಗುರ ಅನಿಸಿದರೆ ಅನುಮಾನ ಪಡಿ. ಒಂದು ಜಾಗ ಕೆರೆದು ಹೊಳಪು ಮಾಡಿ ಅಲ್ಲಿಗೆ ವಿನೆಗರ್ ಹನಿಸಿ. ನೊರೆ ಎದ್ದರೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಬ್ಯಾಟರಿಯ ಸೀಸ, ಸತುವಿನ ಲೇಪ ಇರುವ ತಗಡು ಇವೆರಡನ್ನೂ ಮನೆ ಒಲೆಯ ಹತ್ತಿರ ತರಲೇಬಾರದು. ನಾನು ತಂದಿಲ್ಲ, ತರುವುದೂ ಇಲ್ಲ.

ಮರಳಿನ ವಿಷಯಕ್ಕೆ ಬರುತ್ತೇನೆ, ನನಗೆ ಅತಿ ಇಷ್ಟವಾದ ಭಾಗ ಇದು. ಮಲ್ಪೆ ಇಷ್ಟು ಹತ್ತಿರ, ಕಡಲ ಮರಳು ಆಗುವುದಿಲ್ವಾ ಅಂತ ತುಂಬಾ ಜನ ಕೇಳಿದ್ದಾರೆ. ಆಗುವುದಿಲ್ಲ. ಅದರಲ್ಲಿ ಉಪ್ಪು ಇದೆ, ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಚಿಪ್ಪಿನ ಚೂರೂ ಇದೆ, ಅದು ಸುಟ್ಟು ಸುಣ್ಣವಾಗುತ್ತಾ ಗ್ಯಾಸ್ ಬಿಡುತ್ತದೆ. ಮತ್ತೆ ಕಡಲ ದಂಡೆಯ ಮರಳು ತೆಗೆಯುವುದೇ ತಪ್ಪು. ಸಾರಣೆ ಕೆಲಸಕ್ಕೆ ತಂದು ಉಳಿದ ಹೊಳೆ ಮರಳು ಮನೆಯಲ್ಲೇ ಇತ್ತು. ತೊಳೆದು, ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ. ಹತ್ತು ಕಿಲೋ ಮರಳಿಗೆ ಒಂದು ಕಿಲೋ ಬೆಂಟೊನೈಟ್ ಜೇಡಿ. ಅರ್ತಿಂಗ್ ಗುಂಡಿಗೆ ಹಾಕುತ್ತಾರಲ್ವಾ, ಅದೇ ಪುಡಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ನೀರು ಮುನ್ನೂರರಿಂದ ನಾನ್ನೂರು ಎಂಎಲ್, ಅದೂ ಚಿಮುಕಿಸಿ ಚಿಮುಕಿಸಿ. ಚೆನ್ನಾಗಿ ತುಳಿದು, ಮುಚ್ಚಿಟ್ಟು, ಒಂದು ರಾತ್ರಿ ಬಿಟ್ಟರೆ ಜೇಡಿ ನೀರು ಕುಡಿದು ಹದಕ್ಕೆ ಬರುತ್ತದೆ.

ಹದ ನೋಡುವುದು ಕೈಯಲ್ಲೇ. ಅಣ್ಣ ಒಂದು ಹಿಡಿ ತೆಗೆದು ಗಟ್ಟಿಯಾಗಿ ಅಮುಕಿ, ಮುಷ್ಟಿ ಬಿಡಿಸಿ ತೋರಿಸಿದರು. ಬೆರಳಿನ ಗೆರೆಗಳೆಲ್ಲ ಮರಳಿನಲ್ಲಿ ಮೂಡಿದ್ದವು. ಆಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದು ಮುರಿದರು. ಬಿಸ್ಕತ್ತು ಮುರಿದ ಹಾಗೆ, ಅಂಚು ಉದುರದೆ ಎರಡು ತುಂಡು. "ಉದುರಿದ್ರೆ ನೀರು ಸಾಲದು, ಕೈಗೆ ಅಂಟಿದ್ರೆ ನೀರು ಜಾಸ್ತಿ. ನಿಂಗೆ ಯಾವಾಗ್ಲೂ ಜಾಸ್ತಿಯೇ ಆಗ್ತದೆ, ಊರೇ ಹಾಗೆ" ಅಂದರು. ಒಳಗೆ ನೀರೇ ಬೇಡ ಅನ್ನುವ ಈ ಕೆಲಸದಲ್ಲಿ ನೀರು ಬೇಕಾಗುವ ಒಂದೇ ಜಾಗ ಇದು. ಅಷ್ಟು ಸ್ವಲ್ಪ ತೇವ ಮರಳಿನ ಕಣಗಳ ನಡುವಿನ ಸಂದಿಯಿಂದ ಆವಿಯಾಗಿ ಹೊರಗೆ ಹೋಗುತ್ತದೆ, ಅದಕ್ಕಿಂತ ಜಾಸ್ತಿ ಆದರೆ ದಾರಿ ಸಿಗದೆ ಲೋಹದೊಳಗೆ ನುಗ್ಗುತ್ತದೆ.

ಬಂಗುಡೆಯ ಮಾದರಿ ಮಾಡಿದ್ದು ನಿಜವಾದ ಬಂಗುಡೆಯಿಂದಲೇ. ಮಾರ್ಕೆಟ್‌ನಲ್ಲಿ ಹೊಟ್ಟೆ ಗಟ್ಟಿ ಇರುವ, ಬಾಲ ಮುರಿಯದ ಒಂದನ್ನು ಆರಿಸಿ ತಂದೆ. ಜೇಡಿಮಣ್ಣಿನಲ್ಲಿ ಅರ್ಧ ಹೂತು, ರೆಕ್ಕೆಗಳನ್ನು ಮೈಗೆ ಒತ್ತಿ ಕೂರಿಸಿ, ಬಾಲವನ್ನು ಗುಂಡುಸೂಜಿಯಿಂದ ಬಿಡಿಸಿ ನಿಲ್ಲಿಸಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದೆ. ಗಟ್ಟಿಯಾದ ಮೇಲೆ ಮೀನು ತೆಗೆದರೆ ಅರ್ಧ ಬಂಗುಡೆಯ ಗುಳಿ ಸಿಗುತ್ತದೆ. ಅದಕ್ಕೆ ಸೋಪಿನ ನೀರು ಹಚ್ಚಿ ಮತ್ತೆ ಪ್ಲಾಸ್ಟರ್ ಸುರಿದರೆ ಒಂದು ಬದಿ ಮೀನು, ಇನ್ನೊಂದು ಬದಿ ಚಪ್ಪಟೆ ಇರುವ ಮಾದರಿ ಬಂತು. ಬಾಲ ತೀರಾ ತೆಳುವಾಗಿತ್ತು. ಅಷ್ಟು ತೆಳುವಾದ ಜಾಗಕ್ಕೆ ಲೋಹ ತಲುಪುವ ಮೊದಲೇ ಗಟ್ಟಿಯಾಗುತ್ತದೆ, ಹಾಗಾಗಿ ಹಿಂದಿನಿಂದ ಐದು ಮಿಲಿಮೀಟರ್ ದಪ್ಪ ಕೊಟ್ಟೆ. ಆಮೇಲೆ ಎರಡು ಕೋಟ್ ವಾರ್ನಿಶ್. ಲೋಹ ತಣಿದಾಗ ಸ್ವಲ್ಪ ಕುಗ್ಗುತ್ತದೆ, ಅಲ್ಯೂಮಿನಿಯಂ ಮೀಟರಿಗೆ ಸುಮಾರು 13 ಮಿಲಿಮೀಟರ್. ಯಂತ್ರದ ಭಾಗ ಆದರೆ ಮಾದರಿಯನ್ನೇ ಅಷ್ಟು ದೊಡ್ಡದು ಮಾಡಬೇಕು, ಒಂದು ಗೇಣಿನ ಬಂಗುಡೆಗೆ ಮೂರು ಮಿಲಿಮೀಟರ್ ದೊಡ್ಡ ವಿಷಯ ಅಲ್ಲ.

ಅಚ್ಚಿಗೆ ಎರಡು ಮರದ ಚೌಕಟ್ಟು, ಒಂದರ ಮೇಲೊಂದು ಸರಿಯಾಗಿ ಕೂರುವಂತೆ. ಮೀನಿನ ಮುಖ ಕೆಳಗಿನ ಪೆಟ್ಟಿಗೆಯ ಕಡೆಗೇ ಇರಬೇಕು ಅಂತ ಅಣ್ಣ ಹಟ ಹಿಡಿದರು. "ಕಸ ಮೇಲೆ ತೇಲ್ತದೆ. ಚಂದ ಬೇಕಾದ ಬದಿ ಕೆಳಗೆ ಹಾಕು." ಮಾದರಿಯ ಮೇಲೆ ಪೌಡರ್ ತುಂಬಿದ ಬಟ್ಟೆಗಂಟು ತಟ್ಟಿ, ಮೊದಲ ಪದರ ನುಣ್ಣಗಿನ ಮರಳನ್ನು ಜರಡಿಯಿಂದಲೇ ಉದುರಿಸಿ, ಬೆರಳಲ್ಲಿ ಒತ್ತಿ, ಆಮೇಲೆ ಉಳಿದದ್ದನ್ನು ತುಂಬಿ ಮರದ ತುಂಡಿನಿಂದ ಬಡಿದೆ. ತಿರುಗಿಸಿ ಮೇಲಿನ ಪೆಟ್ಟಿಗೆ ಇಟ್ಟು, ಲೋಹ ಇಳಿಯಲಿಕ್ಕೆ ಒಂದು ಪೈಪು, ಮೀನಿನ ಬೆನ್ನಿನ ದಪ್ಪ ಜಾಗದ ಮೇಲೆ ರೈಸರಿಗೆ, ಅಂದರೆ ಮೀನು ಕುಗ್ಗುವಾಗ ಲೋಹ ಒದಗಿಸುವ ತೂತಿಗೆ, ಇನ್ನೊಂದು ದಪ್ಪ ಪೈಪು ನಿಲ್ಲಿಸಿ ಆ ಪೆಟ್ಟಿಗೆಗೂ ಮರಳು ತುಂಬಿದೆ. ಸೈಕಲ್ ಕಡ್ಡಿಯಿಂದ ಅಲ್ಲಲ್ಲಿ ಗಾಳಿತೂತು ಚುಚ್ಚಿದೆ. ಪೆಟ್ಟಿಗೆ ಬೇರೆ ಮಾಡಿ, ಮಾದರಿಯ ಬೆನ್ನಿಗೆ ಸ್ಕ್ರೂ ಹಾಕಿ ಮೆಲ್ಲ ತಟ್ಟಿ ನೇರ ಮೇಲೆತ್ತಿದಾಗ ಕೆಳಗೆ ಮರಳಿನಲ್ಲಿ ಬಂಗುಡೆಯ ಕಣ್ಣು, ಕಿವಿರಿನ ಮುಚ್ಚಳ, ಬಾಲದ ಒಂದೊಂದು ಗೆರೆ. ಹುರುಪೆ ಮಾತ್ರ ಮೂಡಿರಲಿಲ್ಲ, ಬಂಗುಡೆಯ ಹುರುಪೆ ತೀರಾ ಸಣ್ಣದು, ತೆಳು. ನನಗೆ ಲೋಹ ಹೊಯ್ಯುವುದಕ್ಕಿಂತ ಈ ಕ್ಷಣವೇ ಹೆಚ್ಚು ಖುಷಿ ಕೊಡುತ್ತದೆ.

ಎರಕದ ದಿನದ ಬಟ್ಟೆಯ ಬಗ್ಗೆಯೂ ಹೇಳಬೇಕು. ಹತ್ತಿ ಬಟ್ಟೆಯೇ ಆಗಬೇಕು, ನೈಲಾನ್, ಪಾಲಿಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಚೂಡಿದಾರದ ಶಾಲು ಬೇಡ, ಕೂದಲು ಬಿಗಿಯಾಗಿ ಕಟ್ಟಿ. ಚರ್ಮದ ಶೂ, ಅದರ ಮೇಲೆ ಇಳಿಬಿದ್ದ ಜೀನ್ಸ್, ಚರ್ಮದ ಗ್ಲೌಸ್, ಮುಖಕ್ಕೆ ಶೀಲ್ಡ್. ಅಮ್ಮ ನೋಡಲಿಕ್ಕೆ ಬಂದರೂ ಗೆರೆ ಹಾಕಿದ ಆಚೆಯೇ ನಿಲ್ಲಬೇಕು ಅಂತ ಹೇಳಿದ್ದೇನೆ, ಅಮ್ಮ ಪಾಪ ಹಾಗೇ ನಿಲ್ಲುತ್ತಾರೆ.

ಗೆರಟೆ ಇದ್ದಿಲು ಬೇಗ ಹಿಡಿದು, ಬ್ಲೋವರ್ ಹಾಕಿದ ಮೇಲೆ ಒಳಗೆ ಬೆಳ್ಳಗೆ ಉರಿಯುತ್ತದೆ. ಪಿಸ್ಟನ್‌ಗಳನ್ನು ಒಲೆಯ ಬಾಯಿಯಲ್ಲಿಟ್ಟು ಎಣ್ಣೆ, ತೇವ ಎಲ್ಲ ಹೋಗುವಷ್ಟು ಬಿಸಿ ಮಾಡಿಯೇ ಮೂಸೆಗೆ ಹಾಕುವುದು. ಅವು ತುಂಬಾ ಹೊತ್ತು ಹಾಗೇ ಕೂತಿರುತ್ತವೆ. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಬದಿ ಕುಸಿದು, ಸುಕ್ಕು ಬಿದ್ದ ಚರ್ಮದ ಕೆಳಗೆ ಬೆಳ್ಳಿಬಣ್ಣದ ದ್ರವ ಕಾಣಿಸುತ್ತದೆ. ಹಗಲಿನ ಬೆಳಕಲ್ಲಿ ಕರಗಿದ ಅಲ್ಯೂಮಿನಿಯಂ ಕೆಂಪಗೆ ಹೊಳೆಯುವುದಿಲ್ಲ, ತಣ್ಣಗಿರುವ ಹಾಗೇ ಕಾಣುತ್ತದೆ. ಅದೇ ಅದರ ದೊಡ್ಡ ಅಪಾಯ. ಹಾಗಾಗಿ ಕಣ್ಣು ನಂಬದೆ, ಬಿಸಿ ಅಳೆಯುವ ಥರ್ಮೋಕಪಲ್ ಇಳಿಸಿ ನೋಡುತ್ತೇನೆ. 720 ಡಿಗ್ರಿ ಬಂದರೆ ಸಾಕು. ಜಾಸ್ತಿ ಕಾಯಿಸಿದಷ್ಟೂ ಲೋಹ ಹೈಡ್ರೋಜನ್ ಹೀರುತ್ತದೆ. ಆ ಹೈಡ್ರೋಜನ್ ಬರುವುದೂ ನೀರಿನಿಂದಲೇ. ಬಿಸಿ ಅಲ್ಯೂಮಿನಿಯಂ ಗಾಳಿಯಲ್ಲಿರುವ ನೀರಾವಿಯ ಆಮ್ಲಜನಕ ಕಿತ್ತುಕೊಂಡು, ಉಳಿದ ಹೈಡ್ರೋಜನ್ ಕರಗಿಸಿಕೊಂಡುಬಿಡುತ್ತದೆ. ಗಟ್ಟಿಯಾಗುವಾಗ ಅದನ್ನು ಹಿಡಿದಿಡಲಾಗದೆ ಗುಳ್ಳೆಯಾಗಿ ಬಿಡುತ್ತದೆ. ಡಿಸೆಂಬರಿನಲ್ಲಿ ಎರೆದ ತುಂಡನ್ನೂ ಜೂನಿನ ಮೊದಲ ಮಳೆಯ ಹೊತ್ತಿಗೆ ಎರೆದ ತುಂಡನ್ನೂ ಗರಗಸದಲ್ಲಿ ಕೊಯ್ದು, ನಯ ಮಾಡಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಜೂನಿನದ್ದರ ತುಂಬಾ ಸೂಜಿಮೊನೆಯಷ್ಟು ತೂತು.

ಬಿಸಿ ಮಾಡಿದ ಕಬ್ಬಿಣದ ಚಮಚದಿಂದ ಕಿಟ್ಟ ತೆಗೆದು, ಮೂಸೆ ಎತ್ತಿ, ಅಚ್ಚಿನ ಬಾಯಿಗೆ ಆದಷ್ಟು ಹತ್ತಿರ ತಂದು ಹೊಯ್ದೆ. ಎತ್ತರದಿಂದ ಸುರಿದರೆ ಲೋಹದ ಮೇಲಿನ ತೆಳು ಪದರ ಮಡಚಿ ಒಳಗೆ ಸಿಕ್ಕಿಕೊಳ್ಳುತ್ತದೆ. ನಡುವೆ ನಿಲ್ಲಿಸುವಂತಿಲ್ಲ. ಕೆಲವೇ ಸೆಕೆಂಡು, ರೈಸರಿನ ತೂತಿನಲ್ಲಿ ಬೆಳ್ಳಗೆ ಮೇಲೇರಿ ಬಂತು, ಅಲ್ಲಿಗೆ ಮುಗಿಯಿತು. ಮೂಸೆಯಲ್ಲಿ ಉಳಿದದ್ದನ್ನು ಹಾಗೇ ಬಿಡಬಾರದು. ನಾನು ಅದಕ್ಕೆ ಹಳೆಯ ಎರಕದ ಕಬ್ಬಿಣದ ಅಪ್ಪದ ಕಾವಲಿ ಇಟ್ಟಿದ್ದೇನೆ. ಒಲೆಯ ಪಕ್ಕದಲ್ಲೇ ಕಾದಿರುತ್ತದೆ, ತುಕ್ಕಿನಲ್ಲೂ ತೇವ ಇರುತ್ತದಲ್ವಾ. ಅದರ ಗುಳಿಗಳಿಗೆ ಹೊಯ್ದರೆ ಮುಂದಿನ ಸಲಕ್ಕೆ ಅಳತೆಯ ಗಟ್ಟಿಗಳು ರೆಡಿ. ಆ ಕಾವಲಿ ಮತ್ತೆ ಅಡುಗೆಮನೆಗೆ ಹೋಗುವುದಿಲ್ಲ.

ಮರಳು ಒಡೆದಾಗ ಮೀನು ಸರಿಯಾಗಿ ಬಂದಿತ್ತು. ರೈಸರಿನ ತಲೆ ಒಳಕ್ಕೆ ಕುಸಿದು ಗುಳಿ ಬಿದ್ದಿತ್ತು. ಅಂದರೆ ಮೀನು ಕುಗ್ಗುವಾಗ ಬೇಕಾದ ಲೋಹವನ್ನು ಅದು ಕೊಟ್ಟಿದೆ, ಇಲ್ಲದಿದ್ದರೆ ಆ ಗುಳಿ ಬಂಗುಡೆಯ ಬೆನ್ನಿನಲ್ಲೇ ಬೀಳುತ್ತಿತ್ತು. ಗರಗಸದಲ್ಲಿ ಕೊಯ್ದು, ಅರ ಹಾಕಿ, ಹಿಂದಿನಿಂದ ಎರಡು ಬೋಲ್ಟು, ಕೈ ಹಿಡಿಸುವಷ್ಟು ಎತ್ತರಕ್ಕೆ ಪೈಪಿನ ತುಂಡು. ಪಾಲಿಶ್ ಮಾಡಲಿಲ್ಲ. ಮರಳಿನ ಒರಟು ಅದಕ್ಕೆ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ.

ಹಿತ್ತಾಳೆಯನ್ನು ಅಣ್ಣ ಪಕ್ಕದಲ್ಲಿ ಇದ್ದಾಗ ಮಾತ್ರ, ಫೈರ್ ಬ್ರಿಕ್ಕಿನ ಬೇರೆ ಒಲೆಯಲ್ಲಿ ಕರಗಿಸಿದ್ದೇನೆ. ಹಿತ್ತಾಳೆ ಕರಗುವುದು 900 ಡಿಗ್ರಿ ದಾಟಿ, ಅದರೊಳಗಿನ ಸತು ಕುದಿಯುವುದು 907ಕ್ಕೆ. ಹಾಗಾಗಿ ಬಿಳಿ ಹೊಗೆ ಬಂದೇ ಬರುತ್ತದೆ. ಅದನ್ನು ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತದೆ. ಮೇಲೆ ಬಿಳಿಗಾರದ ಹೊದಿಕೆ ಕೊಟ್ಟು, ಗಾಳಿ ಬರುವ ಬದಿಗೆ ನಿಂತು, ಬೇಗ ಬೇಗ ಮುಗಿಸಬೇಕು. ಆ ಕೆಲಸ ಕಲಿಯುವ ದಿನಗಳಲ್ಲಿ ಮಂಗಳೂರಿಗೆ ಹೋಗಿ ಕದ್ರಿ ದೇವಸ್ಥಾನದ ಲೋಕೇಶ್ವರನನ್ನು ಮತ್ತೆ ನೋಡಿ ಬಂದೆ. 968ರಲ್ಲಿ ಆಳುಪ ರಾಜ ಕುಂದವರ್ಮ ಪ್ರತಿಷ್ಠೆ ಮಾಡಿದ ಕಂಚಿನ ಮೂರ್ತಿ. ಮೂರು ಮುಖ, ಆರು ಕೈ. ಚಿಕ್ಕಂದಿನಿಂದ ಕೈ ಮುಗಿದು ಬಂದವಳು ನಾನು, ಈ ಸಲ ಲೋಹ ಎಲ್ಲಿಂದ ಇಳಿದಿರಬಹುದು, ಗಾಳಿ ಎಲ್ಲಿಂದ ಹೊರಗೆ ಹೋಗಿರಬಹುದು ಅಂತ ನೋಡುತ್ತಾ ನಿಂತೆ. ಇದೇ ಕಡಲ ಗಾಳಿಯಲ್ಲಿ, ಥರ್ಮೋಕಪಲ್ ಇಲ್ಲದ ಕಾಲದಲ್ಲಿ! ನಮ್ಮ ದೈವಗಳ ಲೋಹದ ಮೊಗಗಳೂ ಅಂಥ ಕೈಗಳ ಕೆಲಸವೇ. ಒಂದು ಮೊಗ ಎರೆದು ಕೊಡ್ತೀಯಾ ಅಂತ ಇಬ್ಬರು ಕೇಳಿದರು. ಇಲ್ಲ ಅಂದೆ. ಅದಕ್ಕೆ ಅದರದ್ದೇ ಮನೆತನ, ಕ್ರಮ, ನೇಮ ಇದೆ. ಹವ್ಯಾಸಕ್ಕೆ ಮಾಡುವ ವಸ್ತು ಅಲ್ಲ.

ಈಗ ಜುಲೈ. ಒಲೆಯ ಬಾಯಿಗೆ ತಗಡು ಮುಚ್ಚಿ ಕಟ್ಟಿಟ್ಟಿದ್ದೇನೆ, ಮೂಸೆ ಅಡುಗೆಮನೆಯ ಅಟ್ಟದ ಮೇಲೆ, ಬೆಂಟೊನೈಟ್ ಬಿಗಿ ಮುಚ್ಚಳದ ಡಬ್ಬದಲ್ಲಿ. ಈ ತಿಂಗಳುಗಳಲ್ಲಿ ಮಾಡುವ ಕೆಲಸ ಮೇಣದ್ದು. ಜೇನುಮೇಣಕ್ಕೆ ಸ್ವಲ್ಪ ಹಾಲುಮಡ್ಡಿ ಸೇರಿಸಿ ಕಾಯಿಸಿದರೆ ಬೆರಳಿಗೆ ಬಗ್ಗುವ ಹದ ಬರುತ್ತದೆ. ಅದರಲ್ಲಿ ಹಲಸಿನ ಎಲೆಯೊಂದನ್ನು ನರನರವಾಗಿ ಎಳೆಯುತ್ತಿದ್ದೇನೆ, ತೊಟ್ಟು ಇನ್ನೂ ಆಗಿಲ್ಲ. ಅದರ ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಹಿತ್ತಾಳೆ ಹೊಯ್ಯಬೇಕು. ಮಣ್ಣು ಒಣಗುವ ಬಿಸಿಲು ಬರುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಗುಜರಿ ಅಂಗಡಿಯವರು ಒಂದು ಹಳೆ ಹಿತ್ತಾಳೆ ನಲ್ಲಿಯ ರಾಶಿ ತೆಗೆದಿಡುತ್ತೇನೆ ಅಂದಿದ್ದಾರೆ.